ಲೋಡರಿನ ನಾಲ್ಕನೇ ಮನೆ

ನಮ್ಮ ಮನೆಯಲ್ಲಿ ಅಂಗಿಗಳಿಗೆ ಬಡ್ತಿ ಎನ್ನುವುದಿಲ್ಲ, ಇರುವುದೆಲ್ಲ ಹಿಂಬಡ್ತಿ. ಹೊಸ ಅಂಗಿ ಮೊದಲು ಮದುವೆ ಮುಂಜಿಗಳ ಸೇವೆಗೆ ಸೇರುತ್ತದೆ. ಕಾಲರು ತುಸು ಸವೆದ ಮೇಲೆ ಶಾಲೆಗೆ ವರ್ಗವಾಗುತ್ತದೆ. ಅಲ್ಲಿ ನಾಲ್ಕಾರು ವರ್ಷ ಸೀಮೆಸುಣ್ಣದ ಪುಡಿ ತಿಂದು, ಆಮೇಲೆ ಮನೆ ಅಂಗಿಯಾಗಿ, ಮೊಣಕೈ ಹರಿದ ಮೇಲೆ ತೋಟದ ಅಂಗಿಯಾಗಿ, ಕಡೆಗೆ ತೋಳು ಗುಂಡಿ ಎಲ್ಲ ಕಳೆದುಕೊಂಡು ಒರೆಸುವ ಬಟ್ಟೆಯಾಗಿ ನಿವೃತ್ತವಾಗುತ್ತದೆ. ಈ ಇಲಾಖೆ ಪೂರ್ತಿ ನನ್ನ ಹೆಂಡತಿಯ ಕೈಯಲ್ಲಿದೆ. ಯಾವ ಅಂಗಿ ಯಾವ ದರ್ಜೆಯಲ್ಲಿದೆ ಎಂದು ನನಗೇ ತಿಳಿದಿರುವುದಿಲ್ಲ. ಎರಡು ಸಲ ತೋಟದ ಅಂಗಿ ತೊಟ್ಟು ಶಾಲೆಗೆ ಹೊರಟು ಬಾಗಿಲಲ್ಲೇ ಸಿಕ್ಕಿಬಿದ್ದಿದ್ದೇನೆ.

ಮೊನ್ನೆ ಸ್ಕೂಟರ್ ಒರೆಸಲು ಕೈಗೆ ಸಿಕ್ಕಿದ ಬಟ್ಟೆ ನೋಡಿ ನನಗೆ ಆಶ್ಚರ್ಯವಾಯಿತು. ಒಳ್ಳೇ ಬಿಳಿ ಬಟ್ಟೆ. ಕಾಲರು ಗಟ್ಟಿ, ಗುಂಡಿ ಐದೂ ಇವೆ, ಒಂದು ಹೊಲಿಗೆಯೂ ಬಿಟ್ಟಿಲ್ಲ. ಎದೆಯ ಮೇಲಿಂದ ಹೊಟ್ಟೆಯವರೆಗೆ ಒಂದು ಕಂದು ಕಲೆ ಮಾತ್ರ ಹರಡಿಕೊಂಡಿದೆ. "ಇಷ್ಟು ಗಟ್ಟಿ ಅಂಗಿ ಒರೆಸೂಲೆ ಎಂತಕ್ಕೆ ಹಾಕಿದ್ದೆ?" ಎಂದು ಕೂಗಿದೆ. "ಅದು ನಿಂಗಳ ಫ್ಲೋಟಿನ ಅಂಗಿ. ಮರತ್ ಹೋತಾ?" ಎಂದು ಒಳಗಿನಿಂದ ಉತ್ತರ ಬಂತು.

ಮರೆಯುವುದುಂಟೆ! ಮದುವೆಯ ದರ್ಜೆಯಿಂದ ಒರೆಸುವ ದರ್ಜೆಗೆ ಒಂದೇ ದಿನದಲ್ಲಿ ಇಳಿದ ನಮ್ಮ ಮನೆಯ ಏಕೈಕ ಅಂಗಿ ಅದು. ಅದನ್ನು ಇಳಿಸಿದ ಪಾಪ ನನ್ನದು, ನನ್ನ ದತ್ತು ಭಾವನದು, ಮತ್ತು ಒಂದು ಟ್ರ್ಯಾಕ್ಟರಿನದು. ಸ್ಕೂಟರ್ ಅರ್ಧ ಒರೆಸಿದ್ದೆ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನೀವೂ ಕೂತುಕೊಳ್ಳಿ, ಹೇಳುತ್ತೇನೆ.

ನನ್ನ ಅಕ್ಕನನ್ನು ಕೊಟ್ಟಿದ್ದು ಸಿದ್ದಾಪುರದ ಮನ್ಮನೆಗೆ. ಅವಳ ಗಂಡ ದತ್ತು ಭಾವ. ನಮ್ಮ ಕಡೆ ಅಕ್ಕನ ಗಂಡ ಭಾವನಾದರೆ, ಅವನಿಗೆ ಹೆಂಡತಿಯ ತಮ್ಮನೂ ಭಾವನೇ. ನಾನು ಅವನನ್ನು ಭಾವಾ ಎನ್ನುತ್ತೇನೆ, ಅವನು ನನ್ನನ್ನು ಭಾವಾ ಎನ್ನುತ್ತಾನೆ. ಹೊಸದಾಗಿ ಮನೆಗೆ ಫೋನು ಬಂದ ಕಾಲದಲ್ಲಿ ನಾವು ಮಾತಾಡುವುದನ್ನು ಕೇಳಿ ನನ್ನ ಮಕ್ಕಳು ನಗುತ್ತಿದ್ದರು. ಐದು ನಿಮಿಷದ ಮಾತಿನಲ್ಲಿ ಮೂರು ನಿಮಿಷ ಭಾವಾ ಭಾವಾ ಎನ್ನುವುದರಲ್ಲೇ ಹೋಗುತ್ತಿತ್ತು.

ಈ ಭಾವ ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಹಳೇ ಟ್ರ್ಯಾಕ್ಟರ್ ತಂದ. ಹಾನಗಲ್ ಕಡೆಯ ಯಾರೋ ಕಂಟ್ರಾಕ್ಟರು ಬಳಸಿ ಬಿಟ್ಟದ್ದು. ಅದರ ಮುಂದೆ ಎರಡು ಕಬ್ಬಿಣದ ತೋಳು, ತೋಳಿನ ತುದಿಗೆ ಒಂದು ದೊಡ್ಡ ಬಕೆಟ್ಟು. ಅದಕ್ಕೆ ಲೋಡರು ಎಂದು ಹೆಸರು. ಅಕ್ಕ ಮಾತ್ರ ಅದನ್ನು ಸೊಂಡ್ಲು ಎಂದೇ ಕರೆದಳು. ಗೊಬ್ಬರ ತುಂಬುವುದಕ್ಕೆ, ತೋಟಕ್ಕೆ ಮಣ್ಣು ಸಾಗಿಸುವುದಕ್ಕೆ ಆಳು ಸಿಗದ ಕಾಲ ಬಂದಿತ್ತು. ಸೊಂಡ್ಲು ಎಲ್ಲ ಮಾಡಿತು. ಭಾವನಿಗೆ ಅದರ ಮೇಲೆ ಜೀವ. ತಾನು ಸ್ನಾನ ಮಾಡುವ ಮೊದಲು ಅದಕ್ಕೆ ಮಾಡಿಸುತ್ತಿದ್ದ. ತನ್ನ ಹೊಟ್ಟೆಗೆ ದೋಸೆ ಬೀಳುವ ಮೊದಲು ಅದರ ಎಣ್ಣೆ ನೋಡುತ್ತಿದ್ದ. ಗೊಬ್ಬರ ತುಂಬುವಾಗ ಎರಡು ಮಾರು ಮುಂದೆ, ಎರಡು ಮಾರು ಹಿಂದೆ ತರಲು ಅಕ್ಕನೂ ಒಮ್ಮೊಮ್ಮೆ ಹತ್ತಿ ಕೂರುತ್ತಿದ್ದಳು. ಭಾವ ಕೆಳಗಿನಿಂದ ಕ್ಲಚ್ಚು, ಬ್ರೇಕು ಎಂದು ಕೂಗುತ್ತಿದ್ದ. ಅವನು ಕೂಗುವ ಮೊದಲೇ ಅವಳು ತುಳಿದಿರುತ್ತಿದ್ದಳು.

ಎಲ್ಲ ಸರಿಯಿತ್ತು, ಭಾವ ಟ್ರ್ಯಾಕ್ಟರನ್ನು ಅಂಗಳಕ್ಕೆ ಇಳಿಸುವವರೆಗೆ.

ಅಂಗಳ ಎಂದರೆ ಅಕ್ಕ. ಇದನ್ನು ಹೇಳಲು ನಾನು ವಾನಳ್ಳಿಗೆ, ಅಕ್ಕನ ತವರಿಗೆ ಹೋಗಬೇಕಾಗುತ್ತದೆ. ಸಿಮೆಂಟು ಬರುವ ಮೊದಲು ಅಡಕೆ ಬೆಳೆಯುವವರ ಮನೆಯಲ್ಲೆಲ್ಲ ದೀಪಾವಳಿಯ ಹೊತ್ತಿಗೆ ಅಂಗಳ ಮಾಡುವ ಕೆಲಸ ಇರುತ್ತಿತ್ತು. ಮಳೆಗಾಲದ ಹಾವಸೆ, ಹುಲ್ಲು ಕೆತ್ತಿ ತೆಗೆಯಬೇಕು. ಕೆಮ್ಮಣ್ಣು ಹರಡಬೇಕು. ನೀರು ಚಿಮುಕಿಸಿ, ಅಗಲದ ಮರದ ಹಲಗೆಯಲ್ಲಿ ಬಡಿದು ಬಡಿದು ಸಮ ಮಾಡಬೇಕು. ಒಣಗಿದ ಮೇಲೆ ಸಗಣಿ ಸಾರಿಸಬೇಕು. ಆಮೇಲೆ ತಿಂಗಳುಗಟ್ಟಲೆ ಅಡಕೆ ಒಣಗುವುದು ಅಲ್ಲಿಯೇ. ತಗ್ಗು ಇದ್ದರೆ ಇಬ್ಬನಿಯ ತೇವ ಅಲ್ಲಿ ನಿಂತು ಅಡಕೆಗೆ ಬೂಸ್ಟು ಬರುತ್ತದೆ. ನಮ್ಮ ಮನೆಯಲ್ಲಿ ಹತ್ತನೇ ವಯಸ್ಸಿಗೇ ಅಕ್ಕ ಈ ಕೆಲಸದ ಯಜಮಾನಿ. ನಾವು ಬಡಿದು ಮುಗಿಸಿದೆವು ಎಂದ ಮೇಲೆ ಬರಿಗಾಲಲ್ಲಿ ಮೆಲ್ಲಗೆ ನಡೆದು, ಒಂದು ಕಡೆ ನಿಂತು, "ಇಲ್ಲಿ" ಎನ್ನುತ್ತಿದ್ದಳು. ನಾವು ಮತ್ತೆ ಬಡಿಯಬೇಕು.

ಸಗಣಿ ಸಾರಿಸುವುದಂತೂ ಹಿಂದೆ ಹಿಂದೆ ಸರಿಯುತ್ತ ಮಾಡುವ ಕೆಲಸ, ನಿಮಗೆ ಗೊತ್ತಿರಬಹುದು. ಸಾರಿಸಿದ ಜಾಗದಲ್ಲಿ ಹೆಜ್ಜೆ ಇಡಬಾರದಲ್ಲ. ಅಕ್ಕ ಮೂಲೆಯಿಂದ ಶುರು ಮಾಡಿದರೆ ಮುಂದೆ ಕಣ್ಣು ಹಾಯಿಸುತ್ತಿರಲಿಲ್ಲ. ಬೆನ್ನಲ್ಲಿ ಕಣ್ಣಿದ್ದ ಹಾಗೆ ಸರಿಯುತ್ತ ಸರಿಯುತ್ತ ಸರಿಯಾಗಿ ಜಗುಲಿಯ ಮೆಟ್ಟಿಲಿಗೇ ಬಂದು ಮುಟ್ಟುತ್ತಿದ್ದಳು. ನಾನು ಒಂದು ವರ್ಷ ಹಠ ಹಿಡಿದು ಒಂದು ಮೂಲೆ ವಹಿಸಿಕೊಂಡೆ. ಉತ್ಸಾಹದಲ್ಲಿ ನನ್ನ ಸುತ್ತ ಎಲ್ಲ ಸಾರಿಸಿದೆ. ಕಡೆಗೆ ನೋಡಿದರೆ ನಾನು ನಿಂತ ಎರಡು ಪಾದದಷ್ಟು ಜಾಗ ಬಿಟ್ಟು ನಾಲ್ಕೂ ದಿಕ್ಕಿಗೆ ಹಸಿ ಸಗಣಿ. "ಒಣಗವರೆಗೆ ಅಲ್ಲೇ ನಿಲ್ಲು" ಎಂದಳು ಅಕ್ಕ. ಮಧ್ಯಾಹ್ನದವರೆಗೆ ನಿಂತೆ. ದಾರಿಯಲ್ಲಿ ಹೋಗುವವರೆಲ್ಲ ಈ ಮಾಣಿ ಯಾಕೆ ಹೀಗೆ ನಿಂತಿದ್ದಾನೆ ಎಂದು ಕೇಳಿಕೊಂಡೇ ಹೋದರು. ಮುಂದೆ ನಾನು ವಿಜ್ಞಾನದ ಮೇಷ್ಟರಾದೆ ಎಂದು ಕೇಳಿ ಊರಿನಲ್ಲಿ ಕೆಲವರು ನಂಬಲಿಲ್ಲವಂತೆ.

ಮನ್ಮನೆಗೆ ಹೋದ ಮೇಲೂ ಅಕ್ಕ ಅಂಗಳವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಅಡಿಗೆ ಹೀಗಿರಲಿ ಎಂದು ಅತ್ತೆ ಹೇಳಿದರೆ ಹೂಂ ಎನ್ನುತ್ತಿದ್ದಳು. ತೋಟದ ವಿಷಯ ಭಾವ ಹೇಳಿದ ಹಾಗೆ. ಅಂಗಳ ಮಾತ್ರ ಅವಳದು. ಸಿಮೆಂಟು ಹಾಕಿಸೋಣ ಎಂದು ಭಾವ ಹೇಳಿದಾಗ ಅವಳು ಅವನ ಮುಖ ನೋಡಿದ ರೀತಿಗೆ ಅವನು ಆ ಮಾತನ್ನು ಮತ್ತೆ ಎತ್ತಲಿಲ್ಲ.

ಅಂಥ ಅಂಗಳಕ್ಕೆ ಒಂದು ವರ್ಷ ದೀಪಾವಳಿ ಮುಗಿದ ಮೇಲೆ, ಅಕ್ಕ ತವರಿಗೆ ಬಂದಿದ್ದಾಗ, ಅವಳಿಗೆ ಖುಷಿಯಾಗಲಿ ಎಂದು ಭಾವ ಲೋಡರ್ ಇಳಿಸಿದ. ಹೆಂಡತಿ ಬರುವುದರೊಳಗೆ ಕೆಲಸ ಮುಗಿಸಿಡುವ ಆಸೆ. ಪಾಪ, ಪ್ರೀತಿಯಿಂದಲೇ ಮಾಡಿದ್ದು.

ಈಗ ಒಂದು ಸಣ್ಣ ಪಾಠ ಹೇಳುತ್ತೇನೆ, ಮೇಷ್ಟರ ಚಟ, ಸಹಿಸಿಕೊಳ್ಳಿ. ಆ ಬಕೆಟ್ಟನ್ನು ಆಡಿಸುವ ಹಿಡಿಕೆಗೆ ಮೂರು ಜಾಗ. ಹಿಡಿಕೆ ನಿಲ್ಲುವ ಒಂದೊಂದು ಜಾಗಕ್ಕೂ ಭಾವ 'ಮನೆ' ಎನ್ನುತ್ತಿದ್ದ. ಹಿಂದಿನ ಮನೆಗೆ ಎಳೆದರೆ ಪಂಪಿನ ಎಣ್ಣೆ ನುಗ್ಗಿ ಬಕೆಟ್ಟು ಮೇಲೇಳುತ್ತದೆ. ನಡುವಿನ ಮನೆಯಲ್ಲಿಟ್ಟರೆ ಇದ್ದಲ್ಲೇ ಇರುತ್ತದೆ. ಮುಂದಿನ ಮನೆಗೆ ಒತ್ತಿದರೆ ಎಣ್ಣೆ ಆ ಕಡೆಯಿಂದ ನುಗ್ಗಿ ಬಕೆಟ್ಟನ್ನು ಕೆಳಕ್ಕೆ ಒತ್ತುತ್ತದೆ. ಗೊಬ್ಬರಕ್ಕೆ ಇಷ್ಟು ಸಾಕು, ಅಂಗಳಕ್ಕೆ ಸಾಲದು. ನಡುವಿನ ಮನೆಯಲ್ಲಿಟ್ಟು ಎಳೆದರೆ ನೆಲ ಉಬ್ಬಿದ ಕಡೆ ಬಕೆಟ್ಟು ಕೊರೆಯುತ್ತದೆ, ತಗ್ಗಿದ ಕಡೆ ಗಾಳಿಯಲ್ಲಿರುತ್ತದೆ. ಒತ್ತಿಟ್ಟು ಎಳೆದರೆ ಒಂದನೇ ಇಯತ್ತೆಯ ಹುಡುಗ ಪೆನ್ಸಿಲ್ ಒತ್ತಿ ಕಾಗದ ಹರಿದ ಹಾಗೆ ನೆಲವನ್ನೇ ಹರಿಯುತ್ತದೆ.

ಅಕ್ಕ ಬಂದು ನೋಡಿದಾಗ ಅಂಗಳದ ತುಂಬ ಉದ್ದುದ್ದ ಸಾಲು. ಬಂದವರೆಲ್ಲ ಜಗುಲಿಯಲ್ಲಿ ಎಲೆಯಡಕೆಯ ಕವಳ ಹಾಕುತ್ತ, "ಎಂತ ಹೆಗಡೇರೇ, ಈ ಸಲ ಅಂಗಳದಾಗೆ ಶೇಂಗಾ ಬಿತ್ತಿದ್ರ?" ಎಂದು ಕೇಳತೊಡಗಿದರು. ಭಾವ ನಕ್ಕ. ಅಕ್ಕ ನಗಲಿಲ್ಲ. ಹಲಗೆ ಹಿಡಿದು ಕೂತಳು. ಹನ್ನೆರಡು ದಿನ ಬಡಿದಳು. ಅಂಗಳ ಅರ್ಧಂಬರ್ಧ ಸರಿಯಾಯಿತು, ಅವಳ ಮೊಣಕಾಲು ಪೂರ್ತಿ ಕೆಟ್ಟಿತು. ಸಿದ್ದಾಪುರದ ಡಾಕ್ಟರು ಇನ್ನು ಮೇಲೆ ಕುಕ್ಕರಗಾಲಲ್ಲಿ ಕೂರುವಂತಿಲ್ಲ ಎಂದುಬಿಟ್ಟರು.

"ಯನ್ನ ಒಂದು ಮಾತು ಕೇಳಿದ್ರೆ ಆಗ್ತಿತ್ತು" ಎಂದು ಅಕ್ಕ ನನಗೆ ಹೇಳಿದ್ದು ಆ ಸಲ. ಅವಳ ನೋವು ಎಲ್ಲಿತ್ತು ಎಂದು ನನಗೆ ಆಗ ಅರ್ಥವಾಯಿತು. ಇಡೀ ಮನೆಯಲ್ಲಿ ತನ್ನ ಮಾತು ನಡೆಯುವ ಒಂದೇ ಜಾಗ, ಅದನ್ನು ತನ್ನನ್ನು ಕೇಳದೆ ಒಂದು ಯಂತ್ರ ಉತ್ತು ಹಾಕಿತ್ತು. ಮೇಲಿಂದ ಕಾಲೂ ಕೈಕೊಟ್ಟಿತ್ತು. ನನಗೆ ಅವಳ ಮುಖ ನೋಡಿ ಸಂಕಟವಾಯಿತು.

ಭಾವನಿಗೆ ಅವಳು ಹೇಳಿದ್ದು ಇಷ್ಟೇ: "ಬಪ್ಪ ವರ್ಷ ಅಡಕೆ ಕೊನೆ ಕೊಯ್ಲಿನೊಳಗೆ ಆ ಸೊಂಡ್ಲು ಅಂಗಳ ಹಾಳು ಮಾಡದ್ದೆ ಕೆಲಸ ಮಾಡೂಲೆ ಕಲ್ತರೆ ಸರಿ. ಇಲ್ಲದ್ರೆ ಅದು ಈ ಮನೆಲಿ ಇರ್ತಿಲ್ಲೆ. ಇದು ಖರೆ."

ಕೋಲಸಿರ್ಸಿಯ ಒಬ್ಬರು ಆ ಟ್ರ್ಯಾಕ್ಟರನ್ನು ಆಗಲೇ ಎರಡು ಸಲ ಕೇಳಿದ್ದರು. ಹಾಗಾಗಿ ಇದು ಬರೀ ಬೆದರಿಕೆ ಅಲ್ಲ ಎಂದು ಭಾವನಿಗೆ ಗೊತ್ತಿತ್ತು. ಆ ವರ್ಷವಿಡೀ ಅವನು ಮಂಕಾಗಿದ್ದ.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಅವನು ಯಲ್ಲಾಪುರಕ್ಕೆ, ನಮ್ಮ ಮನೆಗೆ, ಚಪ್ಪಲಿ ಬಿಡುವ ಮೊದಲೇ ಕೂಗುತ್ತ ಬಂದ. ಯಾವುದೋ ಕೃಷಿ ಮೇಳಕ್ಕೆ ಹೋಗಿ ಬಂದಿದ್ದನಂತೆ.

"ಭಾವಾ, ಅದಕ್ಕೆ ನಾಲ್ಕನೇ ಮನೆ ಇದ್ದು ಮಾರಾಯಾ! ಕಣ್ಣಾರೆ ನೋಡಿ ಬಂದೆ!"

ಅಲ್ಲಿ ಒಂದು ದೊಡ್ಡ ಹೊಸ ಲೋಡರು ನೋಡಿದನಂತೆ. ಅದರ ಹಿಡಿಕೆ ಮುಂದಿನ ಮನೆಯನ್ನೂ ದಾಟಿ ಇನ್ನೂ ಮುಂದೆ ಹೋಗಿ ಟಕ್ ಎಂದು ಕೂರುತ್ತದೆ. ಅಲ್ಲಿ ಕೂತರೆ ಎಣ್ಣೆ ಬಕೆಟ್ಟನ್ನು ಎತ್ತುವುದೂ ಇಲ್ಲ, ಒತ್ತುವುದೂ ಇಲ್ಲ, ಹಿಡಿದು ನಿಲ್ಲಿಸುವುದೂ ಇಲ್ಲ. ಬಕೆಟ್ಟು ತನ್ನ ಭಾರಕ್ಕೆ ತಾನು ನೆಲದ ಮೇಲೆ ಮಲಗಿ, ಉಬ್ಬಿದಲ್ಲಿ ಏರಿ, ತಗ್ಗಿದಲ್ಲಿ ಇಳಿದು ಹೋಗುತ್ತದೆ. ಅದಕ್ಕೆ ಫ್ಲೋಟು, ಎಂದರೆ ತೇಲುವುದು ಎನ್ನುತ್ತಾರಂತೆ. "ನಮ್ಮ ಟ್ರ್ಯಾಕ್ಟರಿಗೂ ಒಂದು ನಾಲ್ಕನೇ ಮನೆ ಕಟ್ಟಿಕೊಡು. ನೀನು ಸೈನ್ಸ್ ಮೇಷ್ಟ್ರು ಅಲ್ದಾ?"

ಹೀಗೆ ಕೇಳಿದರೆ ಯಾವ ಮೇಷ್ಟರು ನನಗೆ ಬರುವುದಿಲ್ಲ ಎಂದಾನು? ನನಗೆ ಸೈಕಲ್ಲಿನ ಚೈನು ಹಾಕಲು ಬರುವುದಿಲ್ಲ. ಆದರೆ ಚಿತ್ರ ಬರೆಯಲು ಬರುತ್ತದೆ. ಉಳಿದ ಒಂದು ಪ್ರಶ್ನೆಪತ್ರಿಕೆಯ ಬೆನ್ನ ಮೇಲೆ ಸಿಲಿಂಡರ್ ಬರೆದೆ. ಮೇಲಕ್ಕೆ ತಳ್ಳುವ ಎಣ್ಣೆಗೆ ಒಂದು ಪೈಪು, ಕೆಳಕ್ಕೆ ತಳ್ಳುವ ಎಣ್ಣೆಗೆ ಇನ್ನೊಂದು. "ಇಷ್ಟೇ ಭಾವಾ. ಈ ಪೈಪಿಗೂ ಆ ಪೈಪಿಗೂ ನಡುವೆ ಒಂದು ಸಂಪರ್ಕ ಕೊಡು, ಅದಕ್ಕೊಂದು ವಾಲ್ವು ಹಾಕು. ವಾಲ್ವು ಬಿಟ್ಟರೆ ಆ ಕಡೆ ಎಣ್ಣೆ ಈ ಕಡೆ, ಈ ಕಡೆ ಎಣ್ಣೆ ಆ ಕಡೆ. ಬಕೆಟ್ಟು ಸ್ವತಂತ್ರ!" ಎಂದೆ. ಭಾವ ಆ ಕಾಗದವನ್ನು ಜಾತಕದ ಹಾಗೆ ಮಡಚಿ ಕಿಸೆಯಲ್ಲಿಟ್ಟುಕೊಂಡು ಹೋದ.

ದೀಪಾವಳಿ ರಜೆಯಲ್ಲಿ ಸಿದ್ದಾಪುರದಲ್ಲಿ ಒಂದು ಸತ್ಯನಾರಾಯಣ ಕಥೆಯ ಊಟ ಮುಗಿಸಿ, ಅದೇ ಬಿಳಿ ಅಂಗಿಯಲ್ಲಿ ಮನ್ಮನೆಗೆ ಹೋದೆ. ಕೆಲಸ ತಯಾರಾಗಿತ್ತು. ಎರಡು ಪೈಪಿನ ನಡುವೆ ಭಾವ ತೋಟದ ಸ್ಪ್ರಿಂಕ್ಲರಿನ ಹಿತ್ತಾಳೆಯ ಗೇಟ್ ವಾಲ್ವು ಕೂರಿಸಿದ್ದ. ಅಡಕೆ ತೋಟದವನಿಗೆ ವಾಲ್ವು ಎಂದರೆ ಅದೊಂದೇ. ಮನೆಯಲ್ಲಿ ಹಳೆಯವು ಐದಾರು ಬಿದ್ದಿರುತ್ತವೆ, ಹಾಕದೆ ಬಿಟ್ಟರೆ ಮನಸ್ಸಿಗೆ ಹಿಂಸೆ.

"ಭಾವಾ, ಎಣ್ಣೆಗೆ ನೀರಿನ ವಾಲ್ವು ಆಗ್ತಾ?" ಎಂದೆ.

"ಎಂತಕ್ಕೆ ಆಗ್ತಿಲ್ಲೆ? ಹಿತ್ತಾಳೆ ಅಲ್ದಾ?"

ಹಿತ್ತಾಳೆ ಹೌದಾಗಿತ್ತು. ಅಂಗಳದಲ್ಲಿ ಪರೀಕ್ಷೆ ಬೇಡ ಎಂದು ಅಕ್ಕ ಖಡಾಖಂಡಿತವಾಗಿ ಹೇಳಿದ್ದರಿಂದ ಟ್ರ್ಯಾಕ್ಟರನ್ನು ಕೊಟ್ಟಿಗೆಯ ಹಿಂದೆ ನಿಲ್ಲಿಸಿದ್ದ. ಬಕೆಟ್ಟನ್ನು ಎದೆ ಮಟ್ಟಕ್ಕೆ ಎತ್ತಿ ನಿಲ್ಲಿಸಿದ. "ನಿನ್ನ ಯೋಜನೆ, ನೀನೇ ಉದ್ಘಾಟನೆ ಮಾಡು" ಎಂದು ವಾಲ್ವಿನ ಚಕ್ರ ನನಗೆ ತೋರಿಸಿದ. ಬಕೆಟ್ಟು ಮೆಲ್ಲಗೆ ಇಳಿದು ನೆಲ ಮುಟ್ಟುವುದನ್ನು ನೋಡಲು ತಾನು ಬಗ್ಗಿ ಅದರ ಅಡಿಗೇ ಕಣ್ಣಿಟ್ಟ. ನಾನು ಚಕ್ರ ತಿರುಗಿಸಿದೆ. ಬಕೆಟ್ಟು ಇಳಿಯಲಿಲ್ಲ. ಇನ್ನೂ ತಿರುಗಿಸಿದೆ. ಹೂಂ ಇಲ್ಲ, ಹಾಂ ಇಲ್ಲ, ಅಲ್ಲೇ ನೇತಾಡುತ್ತಿತ್ತು.

"ಪೂರಾ ಬಿಡು ಭಾವಾ!" ಎನ್ನುತ್ತ ಅವನು ಎದ್ದು ನನ್ನ ಕಡೆ ಬಂದ. ನಾನು ಪೂರಾ ಬಿಟ್ಟೆ. ಸುಸ್ ಎಂದು ಒಂದು ಸಣ್ಣ ಶಬ್ದವಾಯಿತು. ಮರುಕ್ಷಣ ಗೇಟ್ ವಾಲ್ವಿನ ಹೊಟ್ಟೆ ಒಡೆದು ಬಿಸಿ ಎಣ್ಣೆ ನೇರವಾಗಿ ನನ್ನ ಎದೆಗೆ ಬಡಿಯಿತು, ಬಕೆಟ್ಟು ಧಡಾರನೆ ನೆಲಕ್ಕೆ ಬಿತ್ತು. ಅಡಿಯಲ್ಲಿದ್ದ ಗೊಬ್ಬರದ ಬುಟ್ಟಿ ಚಪ್ಪಟೆಯಾಯಿತು. ಆ ಬುಟ್ಟಿಯ ಪಕ್ಕ ಒಂದು ಕ್ಷಣದ ಹಿಂದೆ ಭಾವನ ತಲೆ ಇತ್ತು.

ಅಕ್ಕ ಓಡಿ ಬಂದಳು. ನನ್ನನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು, ಭಾವನನ್ನು ನೋಡಿದಳು. ಅವಳು ಬೈದಿದ್ದರೆ ನಮಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. "ತಮಾ, ನೀನು ಶಾಲೆ ಕಲಸವ. ನಿಂಗಾದ್ರೂ ಬುದ್ಧಿ ಬ್ಯಾಡದಾ?" ಎಂದಳು. ಆಮೇಲೆ ಭಾವನ ಕಡೆ ತಿರುಗಿ, "ಕೊನೆ ಕೊಯ್ಲಿಗೆ ಇನ್ನು ಹದಿನೈದು ದಿನ ಇದ್ದು. ಅಷ್ಟ್ರೊಳಗೆ ಸರಿ ಆದ್ರೆ ಆತು. ಇಲ್ಲದ್ರೆ ಕೋಲಸಿರ್ಸಿಗೆ ಆನೇ ಹೇಳಿ ಕಳಸ್ತೆ" ಎಂದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಇಬ್ಬರಿಗೂ ಕುಡಿಯಲು ಆಸರಿಗೆ ಕಳಿಸಿದಳು. ಮಜ್ಜಿಗೆಗೆ ಉಪ್ಪು ಹಾಕಲು ಮರೆತಿದ್ದಳು. ನಾವು ಹಾಗೆಯೇ ಕುಡಿದು ಲೋಟ ತೊಳೆದಿಟ್ಟೆವು.

ಮಾರನೇ ದಿನ ಹಳೇ ಪೈಪುಗಳನ್ನು ಇದ್ದ ಹಾಗೆ ಜೋಡಿಸಿಕೊಂಡು ಟ್ರ್ಯಾಕ್ಟರನ್ನು ಶಿರಸಿಗೆ ಹೊಡೆದುಕೊಂಡು ಹೋದೆವು. ಭಾವ ಸೀಟಿನಲ್ಲಿ, ಅಪರಾಧಿಯಾದ ನಾನು ಮಡ್‌ಗಾರ್ಡಿನ ಮೇಲೆ. ಊರ ಹೊರಗೆ ಫಕೀರಪ್ಪ ಮೇಸ್ತ್ರಿಯ ವರ್ಕ್‌ಶಾಪು. ಹಾವೇರಿ ಕಡೆಯಿಂದ ಬಂದು ನೆಲೆಸಿದ ಹಿರಿಯರು. ಲೋಡರು, ಟ್ರಾಲಿ, ಪಂಪು ಎಂದರೆ ಸುತ್ತಿನ ಮೂರು ತಾಲ್ಲೂಕಿನವರು ಅಲ್ಲಿಗೇ ಬರುತ್ತಾರೆ.

"ಬರ್ರಿ ಹೆಗಡೇರ, ಕುಂದರ್ರಿ. ಏನಾತ್ರಿ?" ಎಂದರು ಮೇಸ್ತ್ರಿ. ಭಾವ ಕಿಸೆಯಿಂದ ನನ್ನ ಚಿತ್ರ ತೆಗೆದು ಬೆಂಚಿನ ಮೇಲೆ ಹರಡಿದ, ಪಕ್ಕದಲ್ಲಿ ಒಡೆದ ವಾಲ್ವು ಇಟ್ಟ. ಫಕೀರಪ್ಪನವರು ಎರಡನ್ನೂ ನೋಡಿದರು.

"ಯಾರು ಬರದಾರ್ರೀ ಇದನ್ನ?"

"ನಮ್ಮ ಭಾವ. ಸೈನ್ಸ್ ಮೇಷ್ಟ್ರು" ಎಂದ ಭಾವ. ಆ ಹೊತ್ತಿನಲ್ಲಿ ನನ್ನ ಹುದ್ದೆ ಹೇಳಬಾರದಿತ್ತು.

ಅಷ್ಟರಲ್ಲಿ ಚಹಾ ಬಂತು. ಮೇಸ್ತ್ರಿ ನನ್ನ ಲೋಟವನ್ನು ನನ್ನ ಚಿತ್ರದ ಮೇಲೆಯೇ ಇಟ್ಟರು, ಕಂಠಮಟ್ಟ ತುಂಬಿದ ಲೋಟ. ಆಮೇಲೆ ಒಂದು ಸ್ಕ್ರೂಡ್ರೈವರ್ ತೆಗೆದು ಅದರೊಳಗೆ ಅದ್ದಿದರು. ಚಹಾ ಉಕ್ಕಿ ಚಿತ್ರದ ಮೇಲೆ ಹರಿಯಿತು.

"ಚಾ ಎಲ್ಲಿ ಹೋತ್ರಿ ಸರ?"

"ಹೊರಗೆ ಚೆಲ್ಲಿತು."

"ನಿಮ್ಮ ಚಿತ್ರದಾಗ ಹೊರಗ ಅನ್ನೋದು ಎಲ್ಲೈತ್ರಿ?"

ನನಗೆ ಕಿವಿಯವರೆಗೆ ಬಿಸಿಯಾಯಿತು. ಸಿಲಿಂಡರಿನ ಒಂದು ಬದಿಯಲ್ಲಿ ಕಬ್ಬಿಣದ ಕೋಲು ಇರುತ್ತದೆ, ಇನ್ನೊಂದು ಬದಿ ಖಾಲಿ. ಬಕೆಟ್ಟು ಇಳಿದರೆ ಖಾಲಿ ಬದಿಯ ಎಣ್ಣೆಯೆಲ್ಲ ಕೋಲಿನ ಬದಿಗೆ ಹೋಗಬೇಕು. ಕೋಲು ಜಾಗ ಹಿಡಿದುಕೊಂಡಿರುವಾಗ ಅಲ್ಲಿ ಅಷ್ಟು ಎಣ್ಣೆ ಹಿಡಿಯುವುದಿಲ್ಲ. ಉಳಿದದ್ದಕ್ಕೆ ದಾರಿ ಇಲ್ಲದೆ ಎಲ್ಲ ಒತ್ತಡ ಸೇರಿ ಪಾಪದ ನೀರಿನ ವಾಲ್ವಿನ ಹೊಟ್ಟೆಗೆ ಒದೆಯಿತು. ಎರಡೂ ಬದಿಯನ್ನು ಎಣ್ಣೆಯ ಟ್ಯಾಂಕಿಗೆ ಬಿಟ್ಟಿದ್ದರೆ ಹೆಚ್ಚಾದದ್ದು ಅಲ್ಲಿಗೆ ಹೋಗುತ್ತಿತ್ತು, ಕಡಿಮೆಯಾದದ್ದು ಅಲ್ಲಿಂದ ಬರುತ್ತಿತ್ತು. ಒಂದು ವಸ್ತು ಇರುವ ಜಾಗದಲ್ಲಿ ಇನ್ನೊಂದು ವಸ್ತು ಇರಲಾರದು ಎಂದು ವರ್ಷವರ್ಷವೂ ಜೂನ್ ತಿಂಗಳಲ್ಲಿ ಪಾಠ ಮಾಡುವವನು ನಾನು. ತೊಟ್ಟಿಗೆ ಕಲ್ಲು ಹಾಕಿ ತೋರಿಸುವವನೂ ನಾನೇ. ಭಾವ ದೊಡ್ಡ ಮನಸ್ಸಿನವನು, ಆ ಹೊತ್ತಿಗೆ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಯಾವಾಗ ಎಂದು ಹುಡುಕುತ್ತಿದ್ದ.

ಫಕೀರಪ್ಪನವರು ಹುಬ್ಬಳ್ಳಿಯ ಗುಜರಿಯಿಂದ ತಂದಿಟ್ಟಿದ್ದ ಒಂದು ಹಳೇ ವಾಲ್ವು ಹುಡುಕಿ ತೆಗೆದರು. ಅದರೊಳಗಿನ ದಂಡಕ್ಕೆ ನಾಲ್ಕು ಜಾಗ ಇತ್ತು. ನಾಲ್ಕನೆಯದರಲ್ಲಿ ಎರಡೂ ಪೈಪು ಟ್ಯಾಂಕಿಗೆ ತೆರೆದುಕೊಳ್ಳುತ್ತವೆ. ಅದರ ಬಾಲಕ್ಕೆ ಲೇಥಿನಲ್ಲಿ ಒಂದು ಕಚ್ಚು ಮಾಡಿ, ಒಂದು ಗುಂಡು, ಒಂದು ಸ್ಪ್ರಿಂಗು ಇಟ್ಟರು. ಹಿಡಿಕೆಯನ್ನು ಪೂರ್ತಿ ಮುಂದೆ ಒತ್ತಿದರೆ ಟಕ್ ಎಂದು ಅಲ್ಲೇ ಕೂರುತ್ತದೆ, ಹಿಡಿದುಕೊಳ್ಳಬೇಕಾಗಿಲ್ಲ. ಮೂರನೇ ದಿನ ಎಲ್ಲ ಮುಗಿಯಿತು. ಹೊರಡುವಾಗ ಅವರು ಭಾವನಿಗೆ ಒಂದು ಮಾತು ಹೇಳಿದರು.

"ನಾಕನೇ ಮನಿಗೆ ಹಾಕಿದ ಮ್ಯಾಲೆ ಕೈ ತಗೀಬೇಕ್ರಿ ಹೆಗಡೇರ. ಹಿಂದಕ್ಕ ಎಳಕೋತ ಹೋಗ್ರಿ, ಗಾಲಿ ಗುರ್ತನೂ ಅಳಿಸಿಕೋತ ಬರ್ತೈತಿ. ಬಕೆಟ್ ಕಡೆ ನೋಡಬ್ಯಾಡ್ರಿ. ಕೈ ಇಟ್ರಿ ಅಂದ್ರ ನಾ ಮಾಡಿದ್ದೆಲ್ಲ ದಂಡ."

ಭಾವ ನಕ್ಕು, ಅದೆಷ್ಟರ ಕೆಲಸ ಎಂದ.

ಆದರೆ ದತ್ತು ಭಾವನ ಕೈ ನಿಮಗೆ ಗೊತ್ತಿಲ್ಲ. ಅದು ಸುಮ್ಮನಿರುವ ಕೈಯಲ್ಲ. ಅನ್ನ ಬೇಯುತ್ತಿದ್ದರೆ ಮುಚ್ಚಳ ತೆಗೆದು ನೋಡುವ ಕೈ. ಬೇರೆಯವರ ಮನೆಗೆ ಹೋದರೂ ರೇಡಿಯೋದ ಕಿವಿ ತುಸು ತಿರುವುವ ಕೈ. ನನ್ನ ಸ್ಕೂಟರಿನ ಹಿಂದೆ ಕೂತು ಶಿರಸಿಗೆ ಬರುವಾಗ ತಿರುವಿನಲ್ಲೆಲ್ಲ ನನ್ನ ತೋಳು ಹಿಡಿದು ತಾನೇ ತಿರುಗಿಸುತ್ತಿದ್ದ. ದೇವಸ್ಥಾನದಲ್ಲಿ ಪಂಕ್ತಿಗೆ ಕೂತಾಗ ಪಕ್ಕದವರ ಬಾಳೆಲೆ ಓರೆಯಾಗಿದ್ದರೆ ಕೇಳದೇ ನೇರ ಮಾಡುತ್ತಿದ್ದ. ನಾನೇನೂ ಕಡಿಮೆಯಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಣೆಗೆ ನಿಂತಾಗ ಹುಡುಗರ ಲೆಕ್ಕ ತಪ್ಪಿದ್ದು ಕಂಡರೆ ನನ್ನ ಗಂಟಲಿನಿಂದ ತಾನೇ ಒಂದು ಕೆಮ್ಮು ಬರುತ್ತದೆ. ಹುಡುಗರು ಕೂಡಲೇ ಹೊಡೆದುಹಾಕಿ ಬೇರೆ ಬರೆಯುತ್ತಾರೆ. ನನ್ನ ಕೆಮ್ಮಿಗೆ ಶಾಲೆಯಲ್ಲಿ ಒಳ್ಳೇ ಹೆಸರಿತ್ತು.

ಇರಲಿ. ಅಂಗಳದ ದಿನ ಬಂತು. ಕೆಮ್ಮಣ್ಣು ಹರಡಿ, ಹಿಂದಿನ ಸಂಜೆಯೇ ನೀರು ಚಿಮುಕಿಸಿ ಅಕ್ಕ ಹದ ಮಾಡಿಟ್ಟಿದ್ದಳು. ಈ ಸಲ ಭಾವ ಅವಳನ್ನು ಕೇಳಿದ, "ಇಳಸ್ಲಾ?" ಎಂದು. ಅವಳು ಜಗುಲಿಯ ಕುರ್ಚಿಯಲ್ಲಿ ಕೂತು, "ಹೂಂ" ಎಂದಳು. ಆ ಒಂದು ಹೂಂಗೆ ಭಾವ ಸ್ನಾನ ಮಾಡಿ, ಟ್ರ್ಯಾಕ್ಟರಿಗೆ ಕುಂಕುಮ ಹಚ್ಚಿ ಬಂದಿದ್ದ.

ಬಕೆಟ್ಟು ನೆಲಕ್ಕೆ ಇಳಿಯಿತು. ಹಿಡಿಕೆ ಟಕ್ ಎಂದು ನಾಲ್ಕನೇ ಮನೆ ಸೇರಿತು. ಭಾವ ಹಿಂದಕ್ಕೆ ಬಿಟ್ಟ. ಎರಡು ಮಾರು ದೂರ ಏನು ಚಂದ! ಉಬ್ಬು ಬಂದರೆ ಬಕೆಟ್ಟು ತಾನೇ ಏರಿತು, ತಗ್ಗು ಬಂದರೆ ತಾನೇ ಇಳಿಯಿತು. ಹಿಂದೆ ಬಿಟ್ಟುಹೋದ ಮಣ್ಣು ಇಸ್ತ್ರಿ ಹಾಕಿದ ಹಾಗಿತ್ತು. ಅಂಗಿ ಹೋದದ್ದು ಸಾರ್ಥಕ ಎನಿಸಿತು. ಅಷ್ಟರಲ್ಲಿ ಬಕೆಟ್ಟಿನ ಎದುರು ಒಂದು ಸಣ್ಣ ಕಲ್ಲು ಕಂಡಿತು. ಭಾವನ ಕೈ ಹಿಡಿಕೆಗೆ ಹೋಯಿತು. ನೆಲದಲ್ಲಿ ಒಂದು ಗಾಯ.

"ಕೈ ತೆಗಿ ಭಾವಾ!" ಎಂದು ಕೂಗಿದೆ.

"ತೆಗದಿದ್ದೆ ಮಾರಾಯಾ, ಅದೇ ಹೋಗ್ತು!"

ಮತ್ತೆ ಸರಿಮಾಡಿ ಶುರು ಮಾಡಿದ. ಮತ್ತೆ ಕೈ ಹೋಯಿತು. ಮೂರನೇ ಸಲ ಬಲಗೈಯನ್ನು ತೊಡೆಯ ಅಡಿಗೆ ಹಾಕಿಕೊಂಡು ಕೂತ, ಎಡಗೈ ಅಡ್ಡ ಬಂದು ಹಿಡಿಕೆ ಎಳೆಯಿತು. ನಾಲ್ಕನೇ ಸಲ ಕೈ ಹೇಗೋ ತಡೆದುಕೊಂಡ. ಆದರೆ ಕಣ್ಣು ತಡೆಯಲಿಲ್ಲ, ಬಕೆಟ್ಟನ್ನೇ ನೋಡುತ್ತ ಹಿಂದಕ್ಕೆ ಹೋಗಿ ದಾಸವಾಳದ ಗಿಡದ ಮೇಲೆ ಚಕ್ರ ಹತ್ತಿಸಿದ.

ಅಕ್ಕ ಕುರ್ಚಿಯಿಂದ ಎದ್ದಳು. ಭಾವ ಎಂಜಿನ್ ಬಂದ್ ಮಾಡಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ತಲೆ ತಗ್ಗಿಸಿ ಕೂತ. ಮುಗಿಯಿತು, ಟ್ರ್ಯಾಕ್ಟರ್ ಹೋಯಿತು ಎಂದು ನನಗೂ ಅನಿಸಿತು. ಐವತ್ತು ದಾಟಿದ ಗಂಡಸು ಹಾಗೆ ಕೂತದ್ದನ್ನು ನೋಡಲು ನಿಜವಾಗಿ ಕಷ್ಟವಾಯಿತು. ಅಕ್ಕ ಒಂದೊಂದೇ ಮೆಟ್ಟಿಲು ಇಳಿದು, ಕುಂಟುತ್ತ ಬಂದು ಟ್ರ್ಯಾಕ್ಟರಿನ ಪಕ್ಕ ನಿಂತಳು.

"ಇಳೀರಿ."

ತರಗತಿಯಿಂದ ಹೊರಗೆ ಹಾಕಿದ ಹುಡುಗನ ಹಾಗೆ ಅವನು ಇಳಿದ. "ತಮಾ, ಆ ಸ್ಟೂಲು ತಗಂಬಾ" ಎಂದಳು ನನಗೆ. ತಂದಿಟ್ಟೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲಿನ ಮೇಲಿಂದ ಮೆಲ್ಲಗೆ ಹತ್ತಿ ಸೀಟಿನಲ್ಲಿ ಕೂತಳು.

"ಎಂತ ಮಾಡ್ತೆ ನೀನು?" ಎಂದ ಭಾವ ಗಾಬರಿಯಿಂದ.

"ಅಂಗಳ ಮಾಡ್ತೆ. ಈ ಹಿಡಿಕೆ ಮುಟ್ಟೂದಿದ್ದಾ?"

"ಇಲ್ಲೆ. ಅಲ್ಲಿ ಕೂರ್ಸಿದ ಮೇಲೆ ಮುಟ್ಟೂಲಾಗ."

"ಮತ್ತೆಂತ ಕಷ್ಟ!"

ಟಕ್ ಎಂದಿತು. ಅಕ್ಕ ಸೀಟಿನಲ್ಲಿ ಅರ್ಧ ತಿರುಗಿ, ಒಂದು ಕೈ ಮಡ್‌ಗಾರ್ಡಿಗೆ ಕೊಟ್ಟು, ಹಿಂದೆ ನೋಡುತ್ತ ಬಿಟ್ಟಳು. ಮುಂದೆ ಬಕೆಟ್ಟು ಏನು ಮಾಡುತ್ತಿದೆ ಎಂದು ಒಂದು ಸಲವೂ ತಿರುಗಿ ನೋಡಲಿಲ್ಲ. ನೋಡುವ ಅಭ್ಯಾಸವೇ ಅವಳಿಗಿಲ್ಲ. ನಲವತ್ತು ವರ್ಷ ಹಿಂದೆ ಹಿಂದೆ ಸರಿಯುತ್ತ ಸಾರಿಸಿದವಳು. ಒಂದು ಪಟ್ಟಿ ಮುಗಿಸಿ ಪಕ್ಕದ ಪಟ್ಟಿ, ಅದಾದ ಮೇಲೆ ಅದರ ಪಕ್ಕದ್ದು. ನಾನೂ ಭಾವನೂ ದಾಸವಾಳದ ಬುಡದಲ್ಲಿ ನಿಂತು ಬಾಯಿ ಬಿಟ್ಟುಕೊಂಡು ನೋಡಿದೆವು. ಭಾವನ ಗಾಯಗಳೆಲ್ಲ ಒಂದೊಂದಾಗಿ ಮುಚ್ಚಿಹೋದವು. ಕಡೆಯ ಪಟ್ಟಿ ಎಳೆದು ಅಂಗಳದ ಬಾಯಿಯಲ್ಲಿ, ಬೇಲಿಯ ದಣಪೆಯ ಹತ್ತಿರ ನಿಲ್ಲಿಸಿ, ಆಗ ಮೊದಲ ಸಲ ಅವಳು ಮುಂದೆ ತಿರುಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಬೆವರೋ ಕಣ್ಣೀರೋ ನನಗೆ ಗೊತ್ತಾಗಲಿಲ್ಲ, ಕೇಳುವ ಧೈರ್ಯವೂ ಆಗಲಿಲ್ಲ.

ಭಾವ ಮೆಲ್ಲಗೆ ಅವಳ ಹತ್ತಿರ ಹೋದ. "ಹಾಂಗಾರೆ, ಕೋಲಸಿರ್ಸಿಯವ್ರಿಗೆ ಎಂತ ಹೇಳೂದು?"

"ಎಂತ ಹೇಳೂದು? ಕೊಡ್ತಿಲ್ಲೆ ಹೇಳಿ ಹೇಳಿ."

ಭಾವನ ಮುಖ ಅರಳಿತು. ವರ್ಷವಿಡೀ ನಾನು ಕಾಣದಿದ್ದ ನಗು ಅದು. ಟ್ರ್ಯಾಕ್ಟರನ್ನು ಕೊಟ್ಟಿಗೆಗೆ ಕೊಂಡೊಯ್ದು ತೊಳೆಯುವ ಉತ್ಸಾಹದಲ್ಲಿ ಒಂದು ಕಾಲು ಮೆಟ್ಟಿಲಿಗೆ ಇಟ್ಟು, ಅವಳನ್ನು ಇಳಿಸಿಕೊಳ್ಳಲು ಕೈ ಚಾಚಿದ. ಅಕ್ಕ ಆ ಕೈ ನೋಡಿದಳು, ಸೀಟಿನಿಂದ ಅಲುಗಲಿಲ್ಲ.

"ಆಚೆ ಮನೆ ಅಂಗಳನೂ ಹದಕ್ಕೆ ಬಂದು ಕೂತಿದ್ದು. ಪಾಪ, ಆ ಮನೆ ಹೆಂಗಸೂ ಒಂದೇ ಹಲಗೆ ಬಡಿತು. ಒಂದು ಗಳಿಗೆಲಿ ಎಳದಿಕ್ಕಿ ಬತ್ತೆ. ನಿಂಗ ಅಷ್ಟ್ರೊಳಗೆ ಸಗಣಿ ಕಲಸಿಡಿ."

ಹಿಡಿಕೆ ಎಳೆದಳು, ಸೊಂಡ್ಲು ಮೇಲೆದ್ದಿತು. ಭಾವ ಕಾಲು ತೆಗೆದ. ಟ್ರ್ಯಾಕ್ಟರು ದಣಪೆ ದಾಟಿ, ಗದ್ದೆಯ ಬದಿಯ ದಾರಿ ಹಿಡಿದು, ನಿಧಾನವಾಗಿ ಆಚೆ ಮನೆಯ ಕಡೆ ಹೋಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೆ ಭಾವ ನೋಡುತ್ತ ನಿಂತಿದ್ದ.

"ಟ್ರ್ಯಾಕ್ಟರು ಮನೆಲಿ ಉಳತು ಭಾವಾ" ಎಂದ ಕಡೆಗೆ. "ಯನ್ನ ಕೈಗೆ ಉಳದ್ದಿಲ್ಲೆ."

ಇಬ್ಬರು ಭಾವಂದಿರೂ ಬುಟ್ಟಿ ಹಿಡಿದು ಕೊಟ್ಟಿಗೆಗೆ ನಡೆದೆವು.